ಮೊದಲ ಆಂಡ್ರಾಯ್ಡ್ ಆ್ಯಪ್ ಶುರು ಮಾಡುವವರಿಗೆ
ಹೊಸ ಸದಸ್ಯರ ಗಮನಕ್ಕೆ: ಆ್ಯಪ್ ಬರೆಯುವ ತಂತ್ರಾಂಶ ಆಂಡ್ರಾಯ್ಡ್ ಸ್ಟುಡಿಯೋ ಹಾಕಿಕೊಳ್ಳಿ, ಭಾಷೆ ಕಾಟ್ಲಿನ್ ಇರಲಿ. ಹೊಸ ಪ್ರಾಜೆಕ್ಟ್‌ಗೆ ‘ಎಂಪ್ಟಿ ಆ್ಯಕ್ಟಿವಿಟಿ’ ಆರಿಸಿ. ಮೊದಲ ಸಲ ಗ್ರೇಡಲ್ (ಕೋಡನ್ನು ಆ್ಯಪ್ ಆಗಿ ಕಟ್ಟುವ ಸಾಧನ) ಬೇಕಾದ ಫೈಲುಗಳನ್ನೆಲ್ಲ ಇಳಿಸಿಕೊಳ್ಳುತ್ತದೆ, ತಡವಾಗುತ್ತದೆ. ಈ ‘ಸಿಂಕ್’ ಮುಗಿಯುವ ತನಕ ಕಾಯಿರಿ. ಕೆಟ್ಟಿದೆ ಅಂದುಕೊಂಡು ಅಳಿಸಿ ಮತ್ತೆ ಹಾಕಬೇಡಿ.

ರ‍್ಯಾಮ್ ಕಂಪ್ಯೂಟರಿನಲ್ಲಿ 8 ಜಿಬಿ ಮಾತ್ರ ಇದ್ದರೆ ಎಮ್ಯುಲೇಟರ್ (ಕಂಪ್ಯೂಟರಿನಲ್ಲೇ ಓಡುವ ನಕಲಿ ಫೋನ್) ಬಿಟ್ಟು ಫೋನಿನಲ್ಲೇ ಓಡಿಸಿ. ಸೆಟ್ಟಿಂಗ್ಸ್‌ನಲ್ಲಿ ಬಿಲ್ಡ್ ನಂಬರನ್ನು 7 ಸಲ ಒತ್ತಿದರೆ ಡೆವಲಪರ್ ಆಪ್ಷನ್ಸ್ ಸಿಗುತ್ತದೆ; ಅಲ್ಲಿ ಯುಎಸ್‌ಬಿ ಡೀಬಗಿಂಗ್ ಆನ್ ಮಾಡಿ, ಫೋನನ್ನು ಕೇಬಲ್ ಮೂಲಕ ಕಂಪ್ಯೂಟರಿಗೆ ಜೋಡಿಸಿ. ಸ್ಟುಡಿಯೋದಲ್ಲಿ ಫೋನ್ ಕಾಣದಿದ್ದರೆ ಮೊದಲು ಕೇಬಲ್ ಬದಲಿಸಿ ನೋಡಿ. ಕೆಲವು ಕೇಬಲ್‌ಗಳಲ್ಲಿ ಚಾರ್ಜ್ ಮಾತ್ರ ಆಗುತ್ತದೆ, ಡೇಟಾ ಹೋಗುವುದಿಲ್ಲ.

ಮೊದಲ ಅಭ್ಯಾಸಕ್ಕೆ ಒಂದು ಬಟನ್, ಒತ್ತಿದಾಗ ಏರುವ ಒಂದು ಸಂಖ್ಯೆ ಸಾಕು. ಚಿಕ್ಕದೆನಿಸಿದರೂ ಕಲಿಯಬೇಕಾದದ್ದು ಇಲ್ಲೇ ಇದೆ. ಸಂಖ್ಯೆಯನ್ನು ಸಾಧಾರಣ ವೇರಿಯಬಲ್‌ನಲ್ಲಿಟ್ಟರೆ ಒತ್ತಿದರೂ ಪರದೆ ಬದಲಾಗದು. ಪರದೆ ಚಿತ್ರಿಸುವ ಕಂಪೋಸ್ ಲೈಬ್ರರಿ ಗಮನಿಸುವುದು ಸ್ಟೇಟ್ ಅನ್ನು, ಅಂದರೆ ತನ್ನ ಬದಲಾವಣೆಯನ್ನು ಅದಕ್ಕೆ ತಿಳಿಸುವ ಮೌಲ್ಯವನ್ನು ಮಾತ್ರ. ಹಾಗಾಗಿ ‘ರಿಮೆಂಬರ್’ (remember) ಒಳಗೆ ‘ಮ್ಯೂಟಬಲ್‌ಸ್ಟೇಟ್‌ಆಫ್’ (mutableStateOf) ಬರೆಯಿರಿ. ಫೋನ್ ಅಡ್ಡ ತಿರುಗಿಸಿದರೆ ಸಂಖ್ಯೆ ಮತ್ತೆ ಸೊನ್ನೆಯಾಗುತ್ತದೆ, ಏಕೆಂದರೆ ಆ್ಯಕ್ಟಿವಿಟಿ, ಅಂದರೆ ಆ್ಯಪಿನ ಪರದೆ, ಹೊಸದಾಗಿ ಸೃಷ್ಟಿಯಾಗುತ್ತದೆ. ಸಂಖ್ಯೆ ಉಳಿಯಲು ಆಗ ‘ರಿಮೆಂಬರ್’ ಬದಲು ‘ರಿಮೆಂಬರ್‌ಸೇವಬಲ್’ (rememberSaveable) ಬೇಕು.

ಆ್ಯಪ್ ತಾನಾಗಿಯೇ ಮುಚ್ಚಿಕೊಂಡರೆ ಸ್ಟುಡಿಯೋದಲ್ಲಿ ಫೋನಿನ ಸಂದೇಶಗಳು ಕಾಣುವ ಲಾಗ್‌ಕ್ಯಾಟ್‌ನಲ್ಲಿ ‘ಫೇಟಲ್ ಎಕ್ಸೆಪ್ಶನ್’ (FATAL EXCEPTION) ಹುಡುಕಿ. ಅದರ ಕೆಳಗಿನ ಸಾಲುಗಳಲ್ಲಿ ನಿಮ್ಮ ಫೈಲಿನ ಹೆಸರು, ಸಾಲಿನ ಸಂಖ್ಯೆ ಸಾಮಾನ್ಯವಾಗಿ ಇರುತ್ತದೆ. ಗುಂಪಿನಲ್ಲಿ ಕೇಳುವಾಗ ಆ ಸಾಲುಗಳನ್ನು ಕಾಪಿ ಮಾಡಿ ಹಾಕಿ, ಪರದೆಯ ಫೋಟೊ ಬೇಡ.