ಪುಟ್ಟಿಯ ಓದಿನ ವಿಷಯ, ಅಪ್ಪಯ್ಯನಿಗೆ

ಪೆನ್ಸಿಲ್ವೇನಿಯಾ
ನವೆಂಬರ್, ಭಾನುವಾರ ರಾತ್ರಿ

ತೀರ್ಥರೂಪ ಅಪ್ಪಯ್ಯನಿಗೆ, ಅಮ್ಮನಿಗೆ, ಸುಮಾ ಮಾಡುವ ನಮಸ್ಕಾರಗಳು.

ಇಲ್ಲಿ ನಾವಿಬ್ಬರೂ ಕ್ಷೇಮ. ಅಡಿಕೆ ಕೊನೆ ಕೊಯ್ಲು ಶುರುವಾಯಿತು ಅಂತ ಅಮ್ಮ ಹೇಳಿದಳು. ಅಡಿಕೆ ಸುಲಿಯೋಕೆ ಈ ವರ್ಷ ಜನ ಸಿಕ್ಕಿದರಾ? ಅಮ್ಮಮ್ಮನ ಮಂಡಿ ನೋವು ಹೇಗಿದೆ?

ಕಳೆದ ವಾರ ಫೋನಿನಲ್ಲಿ ನಾವಿಬ್ಬರೂ ಸ್ವಲ್ಪ ಜೋರಾಗಿಯೇ ಮಾತಾಡಿಬಿಟ್ಟೆವು, ಅಪ್ಪಯ್ಯ. ಪಿಯುಸಿ ಮುಗಿಸಿ ಬಿಎಸ್ಸಿ ಫಿಸಿಷಿಯನ್ ಅಸಿಸ್ಟೆಂಟ್, ಅಂದರೆ ಪಿಎ, ಸೇರುತ್ತೇನೆ ಅಂತ ತಂಗಿ ಪುಟ್ಟಿ ಅಂದಳು. "ಅಸಿಸ್ಟೆಂಟ್ ಆಗೋಕೆ ನಾಲ್ಕು ವರ್ಷ ಯಾಕೆ? ಕಂಪೌಂಡರ್ ಕೆಲಸಕ್ಕೆ ಅಷ್ಟು ದುಡ್ಡು ಹಾಕಬೇಕಾ?" ಅಂತ ನೀವು ಕೇಳಿದಿರಿ. ನಾನೂ ಅದನ್ನೇ ಓದುತ್ತಿದ್ದೇನಲ್ಲ, ಆ ಮಾತು ನನಗೂ ನಾಟಿತು. ಕೋಪದಲ್ಲಿ ಹೇಳಬೇಕಾದ್ದು ಹೇಳೋಕೆ ಆಗಲಿಲ್ಲ. ಕಾಗದವಾದರೆ ನೀವು ಜಗಲಿಯಲ್ಲಿ ಕೂತು ಎರಡು ಸಲ ಓದುತ್ತೀರಿ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ನನ್ನ ಕೆಲಸದ ಬಗ್ಗೆ ಹೇಳುತ್ತೇನೆ. ರೋಗಿ ಬಂದಾಗ ಮೊದಲು ಹೋಗಿ ಕೂರುವುದು ನಾನು. ಏನಾಯಿತು, ಯಾವಾಗಿನಿಂದ, ಮುಂಚೆ ಏನಾದರೂ ಕಾಯಿಲೆ ಇತ್ತಾ, ಎಲ್ಲ ಕೇಳುತ್ತೇನೆ. ಎದೆ, ಹೊಟ್ಟೆ ಪರೀಕ್ಷೆ ಮಾಡುತ್ತೇನೆ. ಇಂಥ ಕಾಯಿಲೆ ಇರಬಹುದು, ಇಂಥ ಟೆಸ್ಟ್ ಬೇಕು, ಈ ಔಷಧಿ ಆಗಬಹುದು ಅಂತ ಯೋಚಿಸಿ ನನಗೆ ಕಲಿಸುವವರ ಮುಂದೆ ಹೇಳುತ್ತೇನೆ. ಅವರು ಇನ್ನೊಮ್ಮೆ ನೋಡಿ ಸರಿ ತಪ್ಪು ತಿದ್ದುತ್ತಾರೆ. ಲೈಸೆನ್ಸ್ ಬಂದ ಮೇಲೆ ಇಷ್ಟನ್ನೂ ನಾನೇ ಮಾಡಬಹುದು. ಅಮೆರಿಕದ 50 ರಾಜ್ಯಗಳಲ್ಲೂ ಪಿಎಗಳು ಔಷಧಿ ಬರೆಯುತ್ತಾರೆ, ಹೊಲಿಗೆ ಹಾಕುತ್ತಾರೆ, ಆಪರೇಷನ್ನಿನಲ್ಲಿ ಸರ್ಜನ್ ಜೊತೆ ನಿಲ್ಲುತ್ತಾರೆ. ಹಾಗಂತ ಪಿಎ ಡಾಕ್ಟರ್ ಅಲ್ಲ. ಡಾಕ್ಟರ ಜೊತೆ ಸೇರಿ ಮಾಡುವ ಕೆಲಸ ಇದು. ನನಗೆ ಎಲ್ಲಿಯವರೆಗೆ ಗೊತ್ತು, ಎಲ್ಲಿ ಡಾಕ್ಟರನ್ನು ಕರೆಯಬೇಕು ಅನ್ನುವುದನ್ನೂ ಪಾಠದ ಹಾಗೆಯೇ ಕಲಿಸುತ್ತಾರೆ.

ಇದು ಶುರುವಾಗಿದ್ದು 1965ರಲ್ಲಿ, ನಾರ್ತ್ ಕೆರೊಲಿನಾದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ. ಆಗ ಇಲ್ಲಿಯೂ ಡಾಕ್ಟರು ಸಾಲುತ್ತಿರಲಿಲ್ಲ. ಯೂಜೀನ್ ಸ್ಟೆಡ್ ಅನ್ನುವ ಡಾಕ್ಟರು, ನೌಕಾಪಡೆಯಲ್ಲಿ ರೋಗಿಗಳನ್ನು ನೋಡಿಕೊಂಡು ಅನುಭವ ಇದ್ದ ನಾಲ್ವರನ್ನು ಕರೆದು ಕಲಿಸೋಕೆ ಶುರು ಮಾಡಿದರು. 1967ರಲ್ಲಿ ಮೂವರು ಪಾಸಾಗಿ ಹೊರಬಂದರು. ನಮ್ಮ ದೇಶದಲ್ಲಿ 1992ರಲ್ಲಿ ಚೆನ್ನೈನ ಮದ್ರಾಸ್ ಮೆಡಿಕಲ್ ಮಿಷನ್‌ನಲ್ಲಿ ಹೃದಯದ ಸರ್ಜನ್ ಕೆ. ಎಂ. ಚೆರಿಯನ್ ಇದನ್ನು ತಂದರು. ಪುಟ್ಟಿ ಎಲ್ಲಿಂದಲೋ ಹುಡುಕಿ ತಂದ ಹೊಸ ಕೋರ್ಸ್ ಅಲ್ಲ ಇದು.

ಈಗ ನಿಮಗೆ ಇದುವರೆಗೂ ಹೇಳದ ಒಂದು ವಿಷಯ ಹೇಳುತ್ತೇನೆ. ಇಲ್ಲಿ ಪಿಎ ಕೋರ್ಸು ಡಿಗ್ರಿ ಆದ ಮೇಲೆ ಓದುವಂಥದ್ದು. ನನ್ನ ಶಿವಮೊಗ್ಗದ ಬಿಎಸ್ಸಿಯನ್ನು ಒಪ್ಪಿಕೊಂಡರು. ಆದರೆ ಅನಾಟಮಿ, ಫಿಸಿಯಾಲಜಿ, ಮೈಕ್ರೋಬಯಾಲಜಿ, ಸ್ಟ್ಯಾಟಿಸ್ಟಿಕ್ಸ್ ಎಲ್ಲ ಇಲ್ಲಿಯೇ ಓದಿ ಬನ್ನಿ ಅಂದರು. ಅದರ ಜೊತೆಗೆ ರೋಗಿಗಳನ್ನು ಕೈಯಾರೆ ನೋಡಿಕೊಂಡ ಅನುಭವ ಬೇಕು. ಬಹಳ ಕಾಲೇಜುಗಳು 1000 ಗಂಟೆ, ಅದಕ್ಕಿಂತ ಜಾಸ್ತಿಯೂ ಕೇಳುತ್ತವೆ. ನಿಮಗೆ ನಾನು "ಆಸ್ಪತ್ರೆಯಲ್ಲಿ ಕೆಲಸ" ಅಂತ ಮಾತ್ರ ಹೇಳಿದ್ದೆ. ಅದು ವಯಸ್ಸಾದವರು ಇರುವ ಒಂದು ನರ್ಸಿಂಗ್ ಹೋಮ್. ಅವರಿಗೆ ಸ್ನಾನ ಮಾಡಿಸುತ್ತಿದ್ದೆ, ಊಟ ಮಾಡಿಸುತ್ತಿದ್ದೆ. ಹಾಸಿಗೆಯಲ್ಲೇ ಮಲ ಮೂತ್ರ ಆದರೆ ಒರೆಸಿ ಬಟ್ಟೆ ಬದಲಿಸುತ್ತಿದ್ದೆ. ಮಗಳು ಅಮೆರಿಕಕ್ಕೆ ಹೋಗಿ ಈ ಕೆಲಸ ಮಾಡುತ್ತಿದ್ದಾಳೆ ಅಂತ ನಿಮಗೆ ಬೇಜಾರಾಗಬಹುದು ಅಂತ ಹೇಳಲಿಲ್ಲ. ಮೊದಲ ವಾರ ಮನೆಗೆ ಬಂದು ಅತ್ತಿದ್ದೇನೆ. ಆಮೇಲೆ ಅಲ್ಲಿನ ಒಬ್ಬ ಅಜ್ಜಿ, ನಾನು ತಲೆ ಬಾಚುವಾಗ ಕಣ್ಣು ಮುಚ್ಚಿಕೊಂಡು ಕೂರುತ್ತಿದ್ದರು, ಥೇಟ್ ನಮ್ಮ ಅಮ್ಮಮ್ಮನ ಹಾಗೆ. ಅವರ ಬೆನ್ನಿನಲ್ಲಿ ಹಾಸಿಗೆ ಹುಣ್ಣು ಶುರುವಾಗಿದ್ದನ್ನು ಮೊದಲು ನೋಡಿದ್ದು ನಾನು. ಸ್ವಲ್ಪ ಕೆಂಪಗಾಗಿತ್ತು, ಅಷ್ಟೇ. ಹೇಳಿದ್ದಕ್ಕೆ ತಕ್ಷಣ ಆರೈಕೆ ಆಯಿತು, ಹುಣ್ಣು ದೊಡ್ಡದಾಗಲಿಲ್ಲ. ಇವತ್ತಿಗೂ ರೋಗಿಯನ್ನು ಪರೀಕ್ಷೆ ಮಾಡುವಾಗ ನನ್ನ ಕಣ್ಣು ಮೊದಲು ಬೆನ್ನಿಗೆ, ಹಿಮ್ಮಡಿಗೆ ಹೋಗುತ್ತದೆ.

ಕೋರ್ಸು ಸುಮಾರು 27 ತಿಂಗಳು. ಮೊದಲ ಭಾಗ ಬರೀ ಕ್ಲಾಸು, ಲ್ಯಾಬು. ಆಮೇಲೆ ಒಂದೊಂದು ವಿಭಾಗದಲ್ಲಿ ಕೆಲವು ವಾರ: ಮಕ್ಕಳು, ಹೆರಿಗೆ, ಸರ್ಜರಿ, ಮಾನಸಿಕ ಕಾಯಿಲೆ, ಎಮರ್ಜೆನ್ಸಿ. ನಾನು ಈಗ ಒಂದು ಹಳ್ಳಿಯ ಕಡೆಯ ಕ್ಲಿನಿಕ್‌ನಲ್ಲಿದ್ದೇನೆ.

ಹೋದ ವಾರ ಅಲ್ಲಿಗೆ ಒಬ್ಬ ರೈತ ಬಂದಿದ್ದ. ಮೈ ಕೈ ನೋವು, ಸುಸ್ತು, ಸಣ್ಣ ಜ್ವರ. ಫ್ಲೂ ಇರಬೇಕು ಅಂತ ಅವನೇ ಹೇಳಿದ. ಕಾಡಿಗೆ ಜಿಂಕೆ ಬೇಟೆಗೆ ಹೋಗಿದ್ದೆ ಅಂತ ಮಾತಿನ ನಡುವೆ ಅಂದ. ಅಷ್ಟು ಕೇಳಿದ್ದೇ ನನಗೆ ನೀವು ನೆನಪಾದಿರಿ ಅಪ್ಪಯ್ಯ. ಬೆಟ್ಟದಿಂದ ಸೊಪ್ಪು ತಂದ ದಿನ ಬಚ್ಚಲಿನ ಹತ್ತಿರ ನಿಲ್ಲಿಸಿ ನಮ್ಮ ಕಂಕುಳು, ಮಂಡಿಯ ಹಿಂದೆ, ಕಿವಿಯ ಸಂದಿ ಎಲ್ಲ ಉಣುಗು ಇದೆಯಾ ಅಂತ ನೋಡುತ್ತಿದ್ದಿರಲ್ಲ. ಅದೇ ಜಾಗಗಳನ್ನು ನೋಡಿದೆ. ಮಂಡಿಯ ಹಿಂದೆ ಅಂಗೈ ಅಗಲದ ಕೆಂಪು ಮಚ್ಚೆ ಇತ್ತು. ಇದು ಲೈಮ್ ಅನ್ನುವ ಕಾಯಿಲೆ. ಇಲ್ಲಿನ ಉಣುಗಿನಿಂದ ಬರುತ್ತದೆ. ಡಾಕ್ಸಿಸೈಕ್ಲಿನ್ ಮಾತ್ರೆಗೆ ವಾಸಿಯಾಗುತ್ತದೆ. ನನಗೆ ಕಲಿಸುವ ಡಾಕ್ಟರು ಬಂದು ನೋಡಿ ಹೌದು ಅಂದರು. ಮಂಡಿಯ ಹಿಂದೆ ನೋಡಬೇಕು ಅಂತ ಎಲ್ಲಿ ಕಲಿತೆ ಅಂತ ಕೇಳಿದರು. ಸಾಗರದ ಕಡೆಯ ನಮ್ಮ ಮನೆಯ ಬಚ್ಚಲು ಕೊಟ್ಟಿಗೆಯ ಕಥೆ ಹೇಳಿದೆ. ಉಣುಗಿನಿಂದಲೇ ಬರುವ ನಮ್ಮ ಮಂಗನ ಕಾಯಿಲೆ 1957ರಲ್ಲಿ ಮೊದಲು ಗೊತ್ತಾಗಿದ್ದು ನಮ್ಮ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಅಂತಲೂ, 2019ರಲ್ಲಿ ಅರಳಗೋಡಿನ ಕಡೆ ಜನ ಪಟ್ಟ ಕಷ್ಟವನ್ನೂ ಹೇಳಿದೆ. ನಮ್ಮ ಕಾಯಿಲೆಗೆ ಇಂಥ ನೇರ ಮಾತ್ರೆ ಇಲ್ಲ ಅನ್ನುವಾಗ ಗಂಟಲು ಕಟ್ಟಿತು.

ಇನ್ನು ನಿಮ್ಮದೇ ವಿಷಯ. ಬೆಂಗಳೂರಿನಲ್ಲಿ ನಿಮಗೆ ಬೈಪಾಸ್ ಆದಾಗ ದಿನಾ ಬೆಳಿಗ್ಗೆ ಆರಕ್ಕೆ ಒಬ್ಬ ಹುಡುಗ ಬರುತ್ತಿದ್ದ, ನೆನಪಿದೆಯಾ? ಗಾಯ ನೋಡುತ್ತಿದ್ದ. "ಉಸಿರು ಬಿಗಿಹಿಡೀರಿ ಅಂಕಲ್" ಅಂತ ಹೇಳಿ ಎದೆಯ ಟ್ಯೂಬ್ ತೆಗೆದವನೂ ಅವನೇ. ಆಪರೇಷನ್ ಹೇಗಾಯಿತು ಅಂತ ಅಮ್ಮನಿಗೆ ಕನ್ನಡದಲ್ಲಿ, ಚಿತ್ರ ಬರೆದು ತಿಳಿಸಿದ್ದ. ನೀವು ಅವನನ್ನು "ಸಣ್ಣ ಡಾಕ್ಟ್ರು" ಅಂತ ಕರೆಯುತ್ತಿದ್ದಿರಿ. ಮುಂದೆ ಚೆಕಪ್‌ಗೆ ಹೋದಾಗ ಅವನಿಗೆ ಅಂತಲೇ ಅಪ್ಪೆಮಿಡಿ ಉಪ್ಪಿನಕಾಯಿ ಒಯ್ದಿದ್ದಿರಿ. ಅವನ ಬ್ಯಾಡ್ಜಿನ ಮೇಲೆ ಏನು ಬರೆದಿತ್ತು ಅಂತ ನಾನು ಆವತ್ತೇ ಓದಿದ್ದೆ. ಫಿಸಿಷಿಯನ್ ಅಸಿಸ್ಟೆಂಟ್. ಹೃದಯಕ್ಕೆ ಜೋಡಿಸೋಕೆ ನಿಮ್ಮ ಕಾಲಿನಿಂದ ರಕ್ತನಾಳ ಬಿಡಿಸಿ ಕೊಟ್ಟಿದ್ದೂ ತಾನೇ ಅಂತ ಅವನು ನನಗೆ ಹೇಳಿದ. ನಾನು ಈ ಓದಿಗೆ ಮನಸ್ಸು ಮಾಡಿದ್ದು ಆ ವಾರ್ಡಿನಲ್ಲಿ. ಪುಟ್ಟಿ ಆಗ ಹೈಸ್ಕೂಲು. ಅವಳೂ ನಿಮ್ಮ ಮಂಚದ ಪಕ್ಕದಲ್ಲೇ ಇದ್ದಳು.

ಕಷ್ಟದ ಮಾತನ್ನೂ ಮುಚ್ಚಿಡುವುದಿಲ್ಲ. ಅಲ್ಲಿ ಬಿಎಸ್ಸಿ ಮಾಡಿ ಅದೇ ಡಿಗ್ರಿ ಹಿಡಿದು ಇಲ್ಲಿ ಪಿಎ ಆಗೋಕೆ ಆಗುವುದಿಲ್ಲ. ಇಲ್ಲಿ ಮಾನ್ಯತೆ ಇರುವ ಕೋರ್ಸು ಮುಗಿಸಿದವರಿಗೆ ಮಾತ್ರ ಲೈಸೆನ್ಸಿನ ಪರೀಕ್ಷೆ. ಅಕ್ಕನ ಹಿಂದೆಯೇ ಅಮೆರಿಕ ಅನ್ನುವ ಆಸೆ ಇದ್ದರೆ ಅದನ್ನು ಈಗಲೇ ಬಿಡಲಿ. ನಮ್ಮಲ್ಲಿ ಪಿಎ ಸ್ವಂತ ಕ್ಲಿನಿಕ್ ಇಟ್ಟು ಔಷಧಿ ಬರೆಯುವ ಹಾಗಿಲ್ಲ. ಕೆಲಸ ಹೆಚ್ಚಾಗಿ ದೊಡ್ಡ ಊರಿನ ದೊಡ್ಡ ಆಸ್ಪತ್ರೆಗಳಲ್ಲಿ. ಸಾಗರದಲ್ಲೇ ಇರುತ್ತೇನೆ ಅಂದರೆ ಕಷ್ಟ. 2021ರಲ್ಲಿ ಕೇಂದ್ರ ಸರ್ಕಾರ ಅಲೈಡ್ ಹೆಲ್ತ್ ವೃತ್ತಿಗಳಿಗೆ, ಅಂದರೆ ಡಾಕ್ಟರು, ನರ್ಸು ಬಿಟ್ಟು ಆಸ್ಪತ್ರೆಯ ಬೇರೆ ವೃತ್ತಿಗಳಿಗೆ, ಕಾನೂನು ಮಾಡಿತು. ಅದರ ಪಟ್ಟಿಯಲ್ಲಿ ಫಿಸಿಷಿಯನ್ ಅಸೋಸಿಯೇಟ್ ಅನ್ನುವ ಹೆಸರಿನಲ್ಲಿ ಈ ಕೆಲಸವೂ ಇದೆ. ನನಗೆ ಅದು ದೊಡ್ಡ ಧೈರ್ಯ.

ಡಾಕ್ಟರ್ ಆಗುವ ಆಸೆ ಪುಟ್ಟಿಗೆ ನಿಜವಾಗಿ ಇದ್ದರೆ ನೀಟ್ ಬರೆಯಲಿ, ನಾನೇ ಓದಿಸುತ್ತೇನೆ. ಆದರೆ ಎಂಬಿಬಿಎಸ್ ಸಿಗಲಿಲ್ಲ ಅಂತ ಸುಮ್ನೆ ಇದಕ್ಕೆ ಬರುವುದು ಬೇಡ. ಇದೇ ಬೇಕು ಅಂತ ಬರುವುದಾದರೆ ಮಾತ್ರ ಬರಲಿ. ಕಾಲೇಜು ನೋಡೋಕೆ ಹೋದಾಗ ಕಟ್ಟಡ ನೋಡಬೇಡಿ ಅಪ್ಪಯ್ಯ. ಕಾಲೇಜಿಗೆ ಸ್ವಂತ ಆಸ್ಪತ್ರೆ ಇದೆಯಾ, ಎಷ್ಟನೇ ವರ್ಷದಿಂದ ವಾರ್ಡಿಗೆ ಬಿಡುತ್ತಾರೆ, ಕೊನೆಯ ವರ್ಷದ ಇಂಟರ್ನ್‌ಶಿಪ್ ಎಲ್ಲಿ, ಯಾವ ಯಾವ ವಿಭಾಗದಲ್ಲಿ ಅಂತ ಕೇಳಿ. ಅಲ್ಲಿ ಓದುತ್ತಿರುವ ಇಬ್ಬರು ಹುಡುಗಿಯರನ್ನು ಹೊರಗೆ ಕರೆದು ಮಾತಾಡಿಸಿ. ಫೀಸಿನಲ್ಲಿ ಅರ್ಧ ನಾನು ಕೊಡುತ್ತೇನೆ. ಪುಟ್ಟಿಯ ಭಾವನೂ ಒಪ್ಪಿದ್ದಾರೆ.

ಅಮ್ಮ, ಬೆಟ್ಟಕ್ಕೆ ಹೋಗುವವರೆಲ್ಲ ಆಸ್ಪತ್ರೆಯಲ್ಲಿ ಕೊಡುವ ಎಣ್ಣೆ ಹಚ್ಚಿಕೊಂಡೇ ಹೋಗಲಿ. ಬಂದ ತಕ್ಷಣ ಬಿಸಿನೀರಿನ ಸ್ನಾನ, ಬಟ್ಟೆಯೂ ಬಿಸಿನೀರಿಗೆ. ಉಣುಗು ಕಚ್ಚಿದ್ದರೆ ಸೀಮೆಎಣ್ಣೆ ಹಾಕಬೇಡಿ, ಸುಡಬೇಡಿ. ಚರ್ಮದ ಹತ್ತಿರ ಚಿಮಟದಲ್ಲಿ ಹಿಡಿದು ನೆಟ್ಟಗೆ ಎಳೆಯಿರಿ. ತೋಟದಲ್ಲಿ ಮಂಗ ಸತ್ತಿದ್ದರೆ ಯಾರೂ ಮುಟ್ಟಬೇಡಿ, ಆರೋಗ್ಯ ಕೇಂದ್ರಕ್ಕೆ ಹೇಳಿ.

ಮುಂದಿನ ಭಾನುವಾರ ನಿಮಗೆ ಸಂಜೆ ಆರು ಗಂಟೆಗೆ ಫೋನ್ ಮಾಡುತ್ತೇನೆ. ಪುಟ್ಟಿಯನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ಈ ಸಲ ಮೊದಲು ಅವಳು ಮಾತಾಡಲಿ.

ಅಮ್ಮಮ್ಮನಿಗೆ ನನ್ನ ನಮಸ್ಕಾರ ತಿಳಿಸಿ.

ಇಂತಿ ನಿಮ್ಮ ಮಗಳು,
ಸುಮಾ