ಕೌದಿ ಹೊಲಿಯೋರಿಗೆ ಒಂದ್ ಸೂಚನೆ

ಎಲ್ರಿಗೂ ನಮಸ್ಕಾರ, ಈ ವಾರ ನಮ್ಮ ಗ್ರೂಪಲ್ಲಿ ನೀವು ಹಾಕಿರೋ ಕೌದಿ (ಬಟ್ಟೆ ತುಂಡು ಜೋಡಿಸಿ ಹೊಲಿಯೋ ಹೊದಿಕೆ) ಫೋಟೋ ಎಲ್ಲಾ ನೋಡ್ದೆ, ತುಂಬಾ ಖುಷಿಯಾಯ್ತು. ಕೆಲವರ ಕೌದಿ ಒಗೆದ್ಮೇಲೆ ಅಲ್ಲಲ್ಲಿ ಸುಕ್ಕುಗಟ್ಟಿದೆ, ಬೇಜಾರಾಗ್ಬೇಡಿ, ಅದು ಹೊಲಿಗೆ ತಪ್ಪಲ್ಲ, ಹೊಸ ಕಾಟನ್ ತುಂಡನ್ನ ಹಳೇ ಸೀರೆ ಪಕ್ಕ ಇಟ್ಟು ಹೊಲಿದಿದ್ದಕ್ಕೆ ಹಂಗಾಗಿದೆ, ಹಳೇದು ಮೊದ್ಲೇ ಕುಗ್ಗಿರತ್ತೆ ಹೊಸದು ನೀರಿಗೆ ಬಿದ್ಮೇಲೆ ಕುಗ್ಗತ್ತೆ. ಇನ್ಮೇಲೆ ಹೊಸ ಬಟ್ಟೆ ಒಗೆದು ಒಣಗಿಸಿ ಆಮೇಲೇ ಕತ್ತರಿಸಿ. ಕೆಂಪು, ಕಡುನೀಲಿ ಇದ್ರೆ ಒದ್ದೆ ಬಿಳಿ ಬಟ್ಟೆಲಿ ಉಜ್ಜಿ ನೋಡಿ, ಬಣ್ಣ ಬಿಟ್ರೆ ತಿಳಿ ಬಣ್ಣದ ಪಕ್ಕ ಬೇಡ್ವೇ ಬೇಡ. ಓರೆ ಕತ್ತರಿಸಿದ ತುಂಡು ಎಳೆದಂಗೆಲ್ಲ ಹಿಗ್ಗತ್ತೆ, ಬಟ್ಟೆ ನೇಯ್ದ ನೂಲಿನ ನೇರಕ್ಕೆ ಕತ್ತರಿಸಿ.

ಚೌಕ ಚೌಕ ಜೋಡಿಸೋಕೆ ಅಳತೆ ಕೂಡ್ತಿಲ್ಲ ಅನ್ನೋರು ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ ಕಡೆ ಸಿದ್ದಿ (ಆಫ್ರಿಕಾ ಮೂಲದ ಸಮುದಾಯ) ಹೆಂಗಸರ ಪದ್ಧತಿ ಒಮ್ಮೆ ಮಾಡಿ ನೋಡಿ, ಅವ್ರು ಮೂಲೆಯಿಂದ ಶುರುಮಾಡಿ ಅಂಚಿನ ಸುತ್ತ ಹೊಲೀತಾ ಹೊಲೀತಾ ನಡುವಿಗೆ ಬರ್ತಾರೆ, ತುಂಡು ಸಾಲ್ದಿದ್ರೆ ಇನ್ನೊಂದು ಸೇರಿಸ್ಕೊಂಡು ಮುಂದೆ ಹೋಗ್ತಾರೆ, ಮೂಲೆಗಳಿಗೆ ಮಡಚಿದ ಬಟ್ಟೆಯ ಹೂವು ಹಾಕಿದ್ರೇನೇ ಅದು ಪೂರ್ತಿ ಆದಂಗೆ. ಹೊಸಬರಿಗೆ ಇದೇ ಒಳ್ಳೇದು ಅಂತ ನನ್ನ ಅಭಿಪ್ರಾಯ.

ಮತ್ತೆ, ತಪ್ಪಿದ ತುಂಡು ಬಿಚ್ಚೋ ಮುಂಚೆ ಹಿಂಭಾಗದ ಫೋಟೋನೂ ಗ್ರೂಪಿಗೆ ಹಾಕಿ, ದಾರ ಎಲ್ಲಿ ಬಿಗಿಯಾಗಿದೆ ಅಂತ ಅಲ್ಲೇ ಗೊತ್ತಾಗೋದು.