ಪರಕಾಯ ಪ್ರವೇಶಕ್ಕೆ ಟ್ರ್ಯಾಕ್ ಬೇಡ, ನಟನೆ ಸಾಕು

ಮಾನ್ಯರೇ,

ಪರಕಾಯ ಪ್ರವೇಶದ ಹಾಸ್ಯವೆಂದರೆ ನಟಿಯ ಬಾಯಿಗೆ ಮೊದಲೇ ಮುದ್ರಿಸಿದ ಗಂಡುದನಿಯ ಟ್ರ್ಯಾಕ್ ಹಾಕುವುದು ಕಾಲೇಜು ನಾಟಕಗಳಲ್ಲಿ ಅಭ್ಯಾಸವಾಗಿಬಿಟ್ಟಿದೆ. ಪ್ರೇಕ್ಷಕರು ನಕ್ಕರೆ ನಟಿ ತಡೆಯಬೇಕು, ಟ್ರ್ಯಾಕ್ ತಡೆಯುವುದಿಲ್ಲ. ತುಟಿ, ದನಿ ಬೇರೆಯಾಗುತ್ತವೆ.

ಗುಬ್ಬಿ ಕಂಪನಿ ಹುಟ್ಟಿದ ನಮ್ಮ ಜಿಲ್ಲೆಯ ಹುಡುಗರು ‘ಸ್ಟಾರ್ ಟ್ರೆಕ್: ವಾಯೇಜರ್’ ಎಂಬ ಅಮೆರಿಕದ ಬಾಹ್ಯಾಕಾಶ ಟಿವಿ ಸರಣಿಯ 7ನೇ ಸೀಸನ್ನಿನ ‘ಬಾಡಿ ಅಂಡ್ ಸೋಲ್’ ಕಂತನ್ನು ನೋಡಲೇಬೇಕು. 2000ದ ನವೆಂಬರಿನಲ್ಲಿ ಬಂದದ್ದು. ಹೊಲೊಗ್ರಾಮ್, ಅಂದರೆ ಬೆಳಕಿನಿಂದಾದ, ಡಾಕ್ಟರು ಶತ್ರುಗಳ ಕಣ್ಣು ತಪ್ಪಿಸಲು ಸೆವೆನ್ ಆಫ್ ನೈನ್ ಎಂಬಾಕೆಯ ಮೈಯೊಳಗಿನ ಯಂತ್ರಭಾಗಗಳಲ್ಲಿ ಅಡಗುತ್ತಾರೆ. ಸೆವೆನ್ ಪಾತ್ರದ ನಟಿ ಜೆರಿ ರಯಾನ್ ತಮ್ಮ ದನಿಯಲ್ಲೇ ಮಾತಾಡಿ, ರಾಬರ್ಟ್ ಪಿಕಾರ್ಡೊ ಅವರ ಡಾಕ್ಟರ್ ಪಾತ್ರದ ಮಾತಿನ ಓಟ, ಹುಬ್ಬು, ಕೈಸನ್ನೆ ತರುತ್ತಾರೆ. ಸದಾ ಕಂಬದಂತೆ ನಿಲ್ಲುವ ಸೆವೆನ್ ಚೀಸ್‌ಕೇಕಿನ ತುತ್ತಿಗೆ ಕಣ್ಣರಳಿಸುವುದನ್ನು ಗಮನಿಸಿ. ಹಸಿವು, ರುಚಿ ಕಾಣದ ಬೆಳಕಿನ ಜೀವಕ್ಕೆ ನಾಲಿಗೆ ಸಿಕ್ಕ ಗಳಿಗೆ ಅದು! ಮೈ ವಾಪಸು ಸಿಕ್ಕಾಗ ತಿಂದದ್ದು, ಕುಡಿದದ್ದು ಅನುಭವಿಸುವ ಪಾಡು ಮಾತ್ರ ಸೆವೆನ್‌ಳದು.

ರಂಗದ ಮೇಲಾದರೆ ಮೊದಲ ದೃಶ್ಯದಲ್ಲೇ ಇಬ್ಬರ ನಡೆನುಡಿ ಬೇರೆಬೇರೆಯಾಗಿ ನೆಲೆಯೂರಲಿ. ಅದಿಲ್ಲದೆ ಬದಲಾವಣೆ ಯಾರಿಗೂ ಗೊತ್ತಾಗದು. ತಾಲೀಮಿನಲ್ಲಿ ಒಳಹೊಕ್ಕ ಪಾತ್ರದವನು ಪೂರ್ತಿ ದೃಶ್ಯ ಆಡಿ ತೋರಿಸಲಿ, ನಟಿ ನೋಡಿ ಮೂರೇ ಚರ್ಯೆ ಆರಿಸಿಕೊಳ್ಳಲಿ. ಹತ್ತು ಆರಿಸಿದರೆ ಮಿಮಿಕ್ರಿಯಾಗುತ್ತದೆ. ಮೈ ಬದಲಾಗುವಾಗ ಎರಡು ಸೆಕೆಂಡ್ ಸ್ತಬ್ಧವಾಗಿ ನಿಂತು, ಮೊದಲು ಬೆನ್ನು, ಆಮೇಲೆ ಮುಖ ಬದಲಾಗಲಿ.

– ರಂಗಾಸಕ್ತರು, ತುಮಕೂರು